ಡಿಟ್ರಾಯಿಟ್‌ನ ಕವಿಯ ಮನೆಯಲ್ಲಿ ಸರಸ್ವತಿ ಪೂಜೆ

ಮೈಸೂರಿನಲ್ಲಿ ನಾನು ಓದುತ್ತಿದ್ದ ಕಾಲಕ್ಕೆ ಕವಿಯ ಮನೆ ಎಂದರೆ ನಮಗೆಲ್ಲ ಒಂದು ಬಗೆಯ ಭಯ. ದೊಡ್ಡ ಕವಿಯೊಬ್ಬರಿದ್ದ ಬೀದಿಗೆ ಬಂದ ಕೂಡಲೇ ಹುಡುಗಿಯರೆಲ್ಲ ಸೈಕಲ್ಲಿನಿಂದ ಇಳಿದು ತಳ್ಳಿಕೊಂಡು ಹೋಗುತ್ತಿದ್ದೆವು. ಮಾತು ತಂತಾನೇ ಮೆಲ್ಲಗಾಗುತ್ತಿತ್ತು. ಒಳಗೆ ಕವಿಗಳು ಬರೆಯುತ್ತಿದ್ದರೋ, ಉಂಡು ಗೊರಕೆ ಹೊಡೆಯುತ್ತಿದ್ದರೋ ಯಾರು ಕಂಡವರು. ಅಂಥವಳು ಮದುವೆಯಾಗಿ ಡಿಟ್ರಾಯಿಟ್‌ಗೆ ಬಂದು, ಒಬ್ಬ ಕವಿಯ ಮನೆಯ ಮೇಲಂತಸ್ತಿನಲ್ಲೇ ಬಾಡಿಗೆಗೆ ಇದ್ದು, ಅವರು ಬರೆಯುತ್ತಿದ್ದ ಕೋಣೆಯ ನೆತ್ತಿಯ ಮೇಲೆ ದಿನಾ ಒಣಮೆಣಸಿನಕಾಯಿ ಒಗ್ಗರಣೆ ಹಾಕಿಕೊಂಡಿದ್ದೆ. ಆ ಕವಿ ಬರೆದದ್ದು ಸ್ಪ್ಯಾನಿಷ್‌ನಲ್ಲಿ. ನಾವು ಬರುವ ಎಷ್ಟೋ ವರ್ಷ ಮೊದಲೇ ತೀರಿಕೊಂಡಿದ್ದರು. ಆದ್ದರಿಂದ ಒಗ್ಗರಣೆಯ ಘಾಟಿಗೆ ಕೆಮ್ಮಿದವರು ಅವರ ಮಗಳು ಮಾತ್ರ.

ಅರವತ್ತರ ದಶಕ ಮುಗಿಯುತ್ತಿದ್ದಾಗ ಬಂದವರು ನಾವು. ಇವರಿಗೆ ಕಾರು ಕಾರ್ಖಾನೆಯಲ್ಲಿ ಎಂಜಿನಿಯರ್ ಕೆಲಸ. ನನಗೆ ಕೆಲವು ವರ್ಷ ಕಳೆದ ಮೇಲೆ ಆಸ್ಪತ್ರೆಯ ಲ್ಯಾಬಿನಲ್ಲಿ ಕೆಲಸ ಸಿಕ್ಕಿತು. ಊರಿನ ನೈಋತ್ಯಕ್ಕೆ, ಕೆನಡಾಗೆ ಹೋಗುವ ಸೇತುವೆಯ ಹತ್ತಿರ, ಮೆಕ್ಸಿಕೋದವರೇ ಹೆಚ್ಚಾಗಿದ್ದ ಬೀದಿ ನಮ್ಮದು. ಕನ್ನಡದ ಉಳಿದ ಮನೆಯವರು ಆಗಲೇ ಸಬರ್ಬ್ ಸೇರಿ ಅಂಗಳದ ಹುಲ್ಲು ಕತ್ತರಿಸಿಕೊಂಡಿದ್ದರು. ತಿಂಗಳಿಗೊಮ್ಮೆ ಯಾರಾದರೊಬ್ಬರ ಮನೆಯಲ್ಲಿ ಸೇರಿದಾಗ, ಅಲ್ಲಿ ಯಾಕೆ ಇದ್ದೀರಿ ಎಂದು ಎಲ್ಲರೂ ಕೇಳುವವರೇ. ಧಾರವಾಡದ ಕಡೆಯ ಡಾಕ್ಟರೊಬ್ಬರು, "ಅಲ್ಲೇನೈತ್ರೀ ಅಂಥಾದ್ದು?" ಎಂದು ನಗುತ್ತಿದ್ದರು. ಅಲ್ಲಿ ಹುಣಿಸೇಹಣ್ಣು ಇತ್ತು. ಇಂಡಿಯನ್ ಅಂಗಡಿ ಎಂಬುದನ್ನೇ ನಾವು ಕಾಣದ ಆ ಕಾಲದಲ್ಲಿ, ನಮ್ಮ ಬೀದಿಯ ಮೂಲೆಯ ಮೆಕ್ಸಿಕನ್ ಅಂಗಡಿಯಲ್ಲಿ ಹುಣಿಸೇಹಣ್ಣು, ಕೊತ್ತಂಬರಿ ಸೊಪ್ಪು, ಹಸಿಮೆಣಸಿನಕಾಯಿ, ನಮ್ಮ ಅಚ್ಚುಬೆಲ್ಲದ ಅಣ್ಣನಂತಿದ್ದ ಕಂದು ಬೆಲ್ಲ ಎಲ್ಲ ಸಿಗುತ್ತಿತ್ತು. ಅದೇ ಡಾಕ್ಟರು ಶನಿವಾರ ಬಂತೆಂದರೆ ಇಪ್ಪತ್ತು ಮೈಲಿ ಡ್ರೈವ್ ಮಾಡಿಕೊಂಡು ಬಂದು ಚೀಲ ತುಂಬಿಕೊಂಡು ಹೋಗುತ್ತಿದ್ದರು.

ಕವಿಯ ಮಗಳೇ ನಮ್ಮ ಮನೆ ಒಡತಿ. ನಾವು ಅವರನ್ನು ಸೆನ್ಯೋರಾ, ಅಂದರೆ ಅಮ್ಮಾವ್ರು, ಎಂದು ಕರೆಯುತ್ತಿದ್ದೆವು. ಅರವತ್ತರ ಹತ್ತಿರದ ವಯಸ್ಸು, ಗಂಡ ಇಲ್ಲ, ಮೊಣಕಾಲು ನೋವು, ನೆಟ್ಟಗಿನ ಬೆನ್ನು. ಕೆಳಗಿನ ಮನೆಯಲ್ಲಿ ಬೀದಿಗೆ ಮುಖ ಮಾಡಿದ ಕೋಣೆ ಅವರ ಅಪ್ಪನದು. ಅಲ್ಲಿ ಮೇಜು, ಟೈಪ್‌ರೈಟರ್, ಒಂದು ಬೀರು ತುಂಬ ಪುಸ್ತಕ, ಗೋಡೆಯಲ್ಲಿ ದಪ್ಪ ಮೀಸೆಯ ಫೋಟೋ. ಕವಿಗಳು ಇಪ್ಪತ್ತರ ದಶಕದಲ್ಲಿ ಮೆಕ್ಸಿಕೋದ ಒಂದು ಸಣ್ಣ ಊರಿನಿಂದ ಕೆಲಸ ಹುಡುಕಿಕೊಂಡು ಬಂದು, ಹಗಲು ಕಬ್ಬಿಣ ಎರಕದ ಮನೆಯಲ್ಲಿ ದುಡಿದು, ಸಂಜೆ ಆ ಮೇಜಿನ ಮುಂದೆ ಕೂರುತ್ತಿದ್ದರಂತೆ. ಮುಂದೆ ಕೆಲಸವಿಲ್ಲದ ಕೆಟ್ಟ ಕಾಲ ಬಂದು, ಅಕ್ಕಪಕ್ಕದವರನ್ನೆಲ್ಲ ರೈಲು ಹತ್ತಿಸಿ ಮೆಕ್ಸಿಕೋಗೆ ಸಾಗಹಾಕಿದಾಗಲೂ ಇವರು ಹೇಗೋ ಉಳಿದುಕೊಂಡರು. ಉಳಿದು ಆ ಬೀದಿಯನ್ನೇ ಬರೆದರು. ಅವರು ಹುಟ್ಟಿದ ಮನೆಯನ್ನು ಅಲ್ಲಿನವರು ಆಗಲೇ ಮ್ಯೂಸಿಯಂ ಮಾಡಿದ್ದರು. ಬಾಗಿಲಲ್ಲಿ ಕಲ್ಲಿನ ಫಲಕ, ಶಾಲೆಯ ಮಕ್ಕಳು ಸಾಲಾಗಿ ಬಂದು ಪದ್ಯ ಒಪ್ಪಿಸುತ್ತಾರೆ ಎಂದು ಸೆನ್ಯೋರಾ ಫೋಟೋ ತೋರಿಸುತ್ತಿದ್ದರು. ಹುಟ್ಟಿ ಬಿಟ್ಟುಬಂದ ಮನೆಗೆ ಫಲಕ, ಬದುಕಿ ಬರೆದು ಸತ್ತ ಮನೆಯನ್ನು ಕೇಳುವವರಿಲ್ಲ. ಹಿತ್ತಲ ಗಿಡ ಮದ್ದಲ್ಲ ಎಂಬುದು ಅಮೆರಿಕದಲ್ಲೂ ನಿಜ.

ಕೇಳುವವರಿಲ್ಲ ಅಂದೆನಲ್ಲ, ಎಪ್ಪತ್ತರ ದಶಕದ ನಡುವೆ ಒಂದು ದಿನ ಕೇಳುವವರು ಬಂದರು. ಸೇತುವೆಗೆ ಹೋಗುವ ರಸ್ತೆಯನ್ನು ಅಗಲ ಮಾಡಬೇಕು, ನಮ್ಮ ಸಾಲಿನ ಮನೆಗಳನ್ನು ಕೆಡವಬೇಕು ಎಂದು. ಪರಿಹಾರ ಕೊಡುತ್ತೇವೆ ಎಂದರು. ಪಕ್ಕದ ಮನೆಗಳವರು ಒಬ್ಬೊಬ್ಬರಾಗಿ ಒಪ್ಪಿಕೊಂಡರು. ಸೆನ್ಯೋರಾ ಒಪ್ಪಲಿಲ್ಲ. ಅವರ ಮಗಳು ಶಿಕಾಗೋ ಪಕ್ಕದ ಹಾಫ್‌ಮನ್ ಎಸ್ಟೇಟ್ಸ್‌ನಲ್ಲಿ ಇದ್ದಳು. ಬಂದು ನನ್ನ ಜೊತೆ ಇರು ಎಂದು ಪ್ರತಿ ಭಾನುವಾರ ಫೋನಿನಲ್ಲಿ ಅವಳು, ಈ ಮನೆ ಬಿಟ್ಟು ಬರಲಾರೆ ಎಂದು ಇವರು. ಮಹಡಿಯ ಮೆಟ್ಟಿಲ ಮೇಲೆ ನಿಂತರೆ ನನಗೆ ಎಲ್ಲ ಕೇಳುತ್ತಿತ್ತು. ಇಷ್ಟು ಪ್ರೀತಿ ಇರುವ ಮನೆಯನ್ನು ಕೆಡವಲು ಬಂದವರ ಕೈ ಬಿದ್ದುಹೋಗಲಿ ಎಂದು ಮನಸ್ಸಿನಲ್ಲೇ ಶಪಿಸುತ್ತಿದ್ದೆ. ನನಗೆ ಮೂಗಿನ ತುದಿಯಲ್ಲೇ ಕೋಪ. ನಮ್ಮವರದ್ದು ಎಲ್ಲಕ್ಕೂ ಒಂದೇ ಮಾತು, "ನೋಡೋಣ."

ಉಳಿದಿದ್ದ ದಾರಿ ಒಂದೇ. ಹಳೆಯ ಕಟ್ಟಡಗಳನ್ನು ಕಾಪಾಡುವ ಒಂದು ಸಮಿತಿ ಊರಲ್ಲಿತ್ತು. ಅವರು ಇದನ್ನು ಐತಿಹಾಸಿಕ ಮನೆ ಎಂದು ಒಪ್ಪಿದರೆ ರಸ್ತೆಯವರು ಮುಟ್ಟುವ ಹಾಗಿಲ್ಲ. ಸೆನ್ಯೋರಾ ಅಪ್ಲೈ ಮಾಡಿದರು. ಅಕ್ಟೋಬರ್‌ನಲ್ಲಿ ಬಂದು ನೋಡುತ್ತೇವೆ, ಅಲ್ಲಿಯವರೆಗೆ ಆ ಕೋಣೆಯಲ್ಲಿ ಯಾವುದನ್ನೂ ಬದಲಾಯಿಸಬೇಡಿ, ಇದ್ದದ್ದು ಇದ್ದ ಹಾಗೇ ಇರಲಿ ಎಂದು ಸಮಿತಿಯವರು ತಿಳಿಸಿದರು. ಸೆನ್ಯೋರಾ ಆ ಕೋಣೆಗೆ ಪೊರಕೆ ಹಾಕುವುದನ್ನೂ ನಿಲ್ಲಿಸಿಬಿಟ್ಟರು.

ಆ ವರ್ಷ ನಮ್ಮತ್ತೆ ಮೈಸೂರಿನಿಂದ ಬಂದು ನಮ್ಮ ಜೊತೆಗಿದ್ದರು. ಇಂಗ್ಲಿಷ್ ಬಾರದು, ಸ್ಪ್ಯಾನಿಷ್‌ನ ಮಾತಂತೂ ದೂರ. ಆದರೂ ಇಬ್ಬರಿಗೂ ಹೇಗೋ ಗಳಸ್ಯ ಕಂಠಸ್ಯ. ಅತ್ತೆಗೆ ಅವರು ಸಿನೋರಮ್ಮ. ಅತ್ತೆ ಹಿತ್ತಲ ಮೆಟ್ಟಿಲ ಮೇಲೆ ಕೂತು ಹುರುಳಿಕಾಯಿ ಬಿಡಿಸಿದರೆ ಸಿನೋರಮ್ಮ ಪಕ್ಕದಲ್ಲಿ ಕೂತು ಮೆಣಸಿನಕಾಯಿಯ ತೊಟ್ಟು ಮುರಿಯುವರು. ಇವರು ಕನ್ನಡದಲ್ಲಿ ಸೊಸೆಯನ್ನು ಬೈದುಕೊಂಡರೆ ಅವರು ಸ್ಪ್ಯಾನಿಷ್‌ನಲ್ಲಿ ಹೌದು ಹೌದು ಎನ್ನುವರು.

ಸಮಿತಿಯವರು ಗೊತ್ತು ಮಾಡಿದ ದಿನ ನಮ್ಮ ಮಹಾನವಮಿಗೆ ಬಂದುಬಿಟ್ಟಿತ್ತು. ಅದೇ ವಾರದ ಮೊದಲಲ್ಲಿ ಸೆನ್ಯೋರಾಗೆ ಶಿಕಾಗೋಗೆ ಹೋಗಲೇಬೇಕಾಯಿತು. ಮೊಮ್ಮಗುವಿಗೆ ಚರ್ಚಿನಲ್ಲಿ ಹೆಸರಿಡುವುದಿತ್ತು. ಸಮಿತಿಯವರು ಬರುವ ದಿನ ಬೆಳಗ್ಗೆ ಬಸ್ಸಿನಲ್ಲಿ ಬಂದು ಸೇರುತ್ತೇನೆ ಎಂದು ಹೇಳಿ, ಕೆಳಗಿನ ಮನೆಯ ಬೀಗದ ಕೈಯನ್ನು ನನಗೆ ಕೊಟ್ಟು ಹೋದರು. ನಾನು ಅದನ್ನು ದೇವರ ಗೂಡಿನ ಪಕ್ಕದ ಮೊಳೆಗೆ ನೇತುಹಾಕಿದೆ. ಜಗತ್ತಿನಲ್ಲಿ ಬೇರೆ ಮೊಳೆಯೇ ಇರಲಿಲ್ಲವೇ ಎಂದು ಆಮೇಲೆ ಎಷ್ಟು ಸಲ ಅಂದುಕೊಂಡೆನೋ.

ಮಹಾನವಮಿಯ ಬೆಳಗ್ಗೆ ಅತ್ತೆ ಹೊಲಿಗೆ ಯಂತ್ರಕ್ಕೆ, ನಮ್ಮವರು ಲೆಕ್ಕ ಹಾಕುವ ಸ್ಲೈಡ್ ರೂಲಿಗೆ, ಕೆಳಗೆ ನಿಂತಿದ್ದ ಕಾರಿಗೆ ಆಯುಧಪೂಜೆ ಮುಗಿಸಿದರು. ನಾನು ಲ್ಯಾಬಿಗೆ ರಜೆ ಹಾಕಿದ್ದೆ. ಸಮಿತಿಯವರು ಬರುವ ಮೊದಲು ಹೀಟರ್ ಹಾಕೋಣವೆಂದು ಕೆಳಗೆ ಹೋಗಿ ಕವಿಯ ಕೋಣೆಯ ಬಾಗಿಲು ತೆರೆದೆ.

ನೆಲ ಒರೆಸಿ ರಂಗೋಲಿ ಇಟ್ಟಿತ್ತು. ಟೈಪ್‌ರೈಟರ್ ಹಣೆಗೆ ಅರಿಶಿನ ಕುಂಕುಮ ಹಚ್ಚಿಸಿಕೊಂಡು ಮದುವಣಗಿತ್ತಿಯ ಹಾಗೆ ಕೂತಿತ್ತು. ಬೀರುವಿನಲ್ಲಿದ್ದ ಕವಿಯ ಪುಸ್ತಕ, ಕೈಬರಹದ ಕಟ್ಟು ಎಲ್ಲ ಕೆಳಗಿಳಿದು, ಮೇಜಿನ ಮೇಲೆ ಒಂದರ ಮೇಲೊಂದು ಪೇರಿಸಿಕೊಂಡು, ಅತ್ತೆಯ ರೇಷ್ಮೆ ವಸ್ತ್ರ ಹೊದ್ದು ಕೂತಿದ್ದವು. ವಸ್ತ್ರದ ಮೇಲೆ ಕುಂಕುಮ, ಅಕ್ಷತೆ. ಮೀಸೆಯ ಫೋಟೋಗೆ ಚೆಂಡುಹೂವಿನ ಹಾರ. ಹಿತ್ತಲಲ್ಲಿ ಸೆನ್ಯೋರಾ ಬೆಳೆಸಿದ್ದ ಗಿಡಗಳಲ್ಲಿ ಒಂದು ಹೂವೂ ಉಳಿದಿರಲಿಲ್ಲ.

ಎರಡು ದಿನ ಹಿಂದೆ, ಸರಸ್ವತಿ ಪೂಜೆಯ ದಿನ, ನಾನು ಕೆಲಸಕ್ಕೆ ಹೋದಾಗ ಅತ್ತೆ ಬೀಗ ತೆಗೆದು ಇದನ್ನೆಲ್ಲ ಮಾಡಿದ್ದರು. ಮೇಲಿನಿಂದ ಕರೆದು ಕೇಳಿದರೆ ಅವರಿಗೆ ಅಳುಕೇ ಇಲ್ಲ.

"ಬರೆದವರ ಮೇಜು ಕಣೆ. ಸರಸ್ವತಿ ಪೂಜೆ ದಿನ ಅದನ್ನ ಹಾಗೆ ಧೂಳಲ್ಲಿ ಬಿಡೋಕಾಗತ್ಯೇ? ಸಿನೋರಮ್ಮ ಊರಲ್ಲಿಲ್ಲ. ಮನೇಲಿರೋರು ನಾವಲ್ವೇ ಮಾಡಬೇಕು?"

ಇದ್ದ ಹಾಗೇ ಇರಬೇಕಾದ ಕೋಣೆ ಇದು, ಇವತ್ತು ನೋಡಲು ಬರುತ್ತಾರೆ, ಹೀಗೆ ಕಂಡರೆ ಮನೆ ಹೋಯಿತು ಎಂದು ನಾನು ಕೂಗಾಡಿದೆ. ಎಲ್ಲವನ್ನೂ ಮೊದಲಿನ ಹಾಗೆ ಇಡೋಣವೆಂದು ಪುಸ್ತಕಗಳಿಗೆ ಕೈ ಹಾಕಿದರೆ ಅತ್ತೆ ನನ್ನ ಮಣಿಕಟ್ಟು ಹಿಡಿದರು. ಪೂಜೆಗಿಟ್ಟ ಪುಸ್ತಕವನ್ನು ವಿಜಯದಶಮಿಯ ವಿಸರ್ಜನೆಯವರೆಗೆ ಮುಟ್ಟುವಂತಿಲ್ಲ, ಓದುವಂತಿಲ್ಲ. ಮೈಸೂರಿನಲ್ಲಿ ಪರೀಕ್ಷೆಯ ಹಿಂದಿನ ದಿನವೂ ಮಕ್ಕಳಿಗೆ ಪುಸ್ತಕ ಮುಟ್ಟಗೊಡದೆ ಇದ್ದ ಹೆಂಗಸು ಅವರು. ಅವರ ಮಗ ಆ ವರ್ಷ ಹೇಗೆ ಪಾಸಾದರೋ ಆ ಶಾರದೆಗೇ ಗೊತ್ತು.

ಅಷ್ಟರಲ್ಲಿ ಮುಂಬಾಗಿಲಲ್ಲಿ ಸೆನ್ಯೋರಾ ಬಂದು ನಿಂತಿದ್ದರು. ಕೈಯಲ್ಲಿ ಇನ್ನೂ ಪ್ರಯಾಣದ ಚೀಲ. ಅವರು ರಂಗೋಲಿಯನ್ನು ತುಳಿಯದೆ ಪಕ್ಕಕ್ಕೆ ಹೆಜ್ಜೆ ಇಟ್ಟು ಒಳಗೆ ಬಂದರು. ಟೈಪ್‌ರೈಟರ್ ನೋಡಿದರು, ವಸ್ತ್ರ ನೋಡಿದರು, ಅಪ್ಪನ ಕೊರಳಿನ ಹಳದಿ ಹಾರವನ್ನು ತುಂಬ ಹೊತ್ತು ನೋಡಿದರು. ನವೆಂಬರ್ ಮೊದಲಲ್ಲಿ ಅವರ ಕಡೆ ತೀರಿಕೊಂಡ ಹಿರಿಯರಿಗೆ ಎಡೆ ಇಡುವ ಹಬ್ಬ. ಆ ಹೂವು ಬೆಳೆಸಿದ್ದೂ ಅದಕ್ಕೇ. ನಾನು ತಡವರಿಸುತ್ತ ಕ್ಷಮೆ ಕೇಳಲು ಹೋದೆ. ಅವರು ಅತ್ತೆಯ ಕಡೆ ತಿರುಗಿ ಇಂಗ್ಲಿಷ್‌ನಲ್ಲಿ ಹೇಳಿದ್ದನ್ನು ನಾನು ಕನ್ನಡ ಮಾಡಿ ಹೇಳಿದೆ.

"ಅಪ್ಪನ ಹಬ್ಬಕ್ಕೆ ಇನ್ನೂ ಕೆಲವು ವಾರ ಇದೆ. ಪರವಾಗಿಲ್ಲ, ಅಪ್ಪ ಯಾವತ್ತೂ ಬಡಿಸೋಕೆ ಮುಂಚೇನೇ ಊಟಕ್ಕೆ ಬಂದು ಕೂತಿರ್ತಿದ್ರು."

ಕಣ್ಣು ಒರೆಸಿಕೊಂಡು ಅವರು ನಕ್ಕರು. ನನಗೆ ಹೋದ ಜೀವ ಬಂದ ಹಾಗಾಯಿತು. ಆದರೆ ಸಮಾಧಾನದಿಂದ ಉಸಿರು ಬಿಡುವ ಮೊದಲೇ ಸಮಿತಿಯವರ ಕಾರು ಬಂದು ನಿಂತಿತು.

ಬಂದವರು ಇಬ್ಬರು. ಒಬ್ಬರು ವಯಸ್ಸಾದ ಆರ್ಕಿಟೆಕ್ಟ್, ಇನ್ನೊಬ್ಬರು ಯೂನಿವರ್ಸಿಟಿಯಲ್ಲಿ ಸ್ಪ್ಯಾನಿಷ್ ಸಾಹಿತ್ಯ ಕಲಿಸುವ ಹೆಂಗಸು. ಆರ್ಕಿಟೆಕ್ಟ್ ಹೊರಗಡೆಯೇ ಸುತ್ತು ಹಾಕಿ, ಇಂಥ ಮನೆಗಳು ಊರಲ್ಲಿ ಬೇಕಾದಷ್ಟಿವೆ, ಮುಂದಿನ ವರಾಂಡ ಕೂಡ ಆಮೇಲೆ ಸೇರಿಸಿದ್ದು ಎಂದರು. ಒಳಗೆ ಬಂದು ರಂಗೋಲಿ, ಕುಂಕುಮ ನೋಡಿ ಇದೇನು ಎಂದು ಕೇಳಿದರು. ನನಗೆ ತಿಳಿದ ಮಟ್ಟಿಗೆ ವಿವರಿಸಿದೆ. ಸ್ಪ್ಯಾನಿಷ್ ಮೇಡಂ ಮುಗುಳ್ನಕ್ಕು, ಕವಿ ಇಲ್ಲಿ ಕೂತೇ ಬರೆದರು ಎಂಬುದು ನಮಗೆ ಖಚಿತವಾಗಬೇಕು, ಅವರ ಪುಸ್ತಕಗಳನ್ನು, ಕೈಬರಹವನ್ನು ಸ್ವಲ್ಪ ನೋಡಬಹುದೇ ಎಂದರು.

ನಾನು ಅತ್ತೆಯ ಮುಖ ನೋಡಿದೆ. ಅತ್ತೆ ಮೇಜಿನ ಮುಂದೆ ನಿಂತಿದ್ದರು.

"ನಾಳೆ ವಿಸರ್ಜನೆ ಆದ್ಮೇಲೆ ನೋಡ್ಲಿ. ಇವತ್ತು ಮುಟ್ಟೋ ಹಾಗಿಲ್ಲ ಅಂತ ಹೇಳು."

ಹೇಗೆ ಹೇಳಲಿ? ಹೇಳಿದೆ. ಆರ್ಕಿಟೆಕ್ಟ್ ಗಡಿಯಾರ ನೋಡಿಕೊಂಡರು. ಸಮಿತಿಯ ಮೀಟಿಂಗ್ ಮರುದಿನ ಬೆಳಗ್ಗೆಯೇ ಇದೆ, ಇವತ್ತು ಕಂಡದ್ದನ್ನು ಮಾತ್ರ ಅಲ್ಲಿ ಹೇಳಲು ಸಾಧ್ಯ ಎಂದರು. ಪುಸ್ತಕ ಸೆನ್ಯೋರಾ ಅಪ್ಪನದೇ, ಅವರು ವಸ್ತ್ರ ಎಳೆದು ತೆಗೆಯಬಹುದಿತ್ತು. ತೆಗೆಯಲಿಲ್ಲ. ಬೇರೆಯವರ ಪೂಜೆಯನ್ನು ಕೆಡಿಸುವ ಜೀವವಲ್ಲ ಅದು. ನನಗಂತೂ ಅತ್ತೆಯನ್ನು ಎತ್ತಿ ಪಕ್ಕಕ್ಕೆ ಇಟ್ಟುಬಿಡೋಣ ಎನ್ನುವಷ್ಟು ಸಿಟ್ಟು.

ಏನಂತೆ ಎಂದು ಅತ್ತೆ ಕೇಳಿದರು. ಇವತ್ತು ನೋಡದಿದ್ದರೆ ಈ ಮನೆ ಕೆಡವುತ್ತಾರೆ ಎಂದೆ. ಅತ್ತೆ ಸೆನ್ಯೋರಾ ಕಡೆ ಒಮ್ಮೆ ನೋಡಿದರು. ಆಮೇಲೆ ನೇರವಾಗಿ ಅಡಿಗೆಮನೆಗೆ ಹೋಗಿ ಕೈಕಾಲು ತೊಳೆದುಕೊಂಡು ಬಂದರು. ಪುಸ್ತಕದ ರಾಶಿಯನ್ನು ಎರಡೂ ಕೈಯಲ್ಲಿ ಹಿಡಿದು, ಉತ್ತರ ಯಾವ ಕಡೆ ಎಂದು ನನ್ನನ್ನು ಕೇಳಿ, ಆ ದಿಕ್ಕಿಗೆ ಒಂದಿಷ್ಟು ಕದಲಿಸಿದರು. ವಿಸರ್ಜನೆ ಎಂದರೆ ಅಷ್ಟೇ. ಆದರೆ ತಿಥಿ ನಕ್ಷತ್ರ ಬಿಟ್ಟು ಅತ್ತೆ ಅದನ್ನು ಮಾಡಿದ್ದನ್ನು ನಾನು ಅದೇ ಮೊದಲು ಕಂಡದ್ದು. ಬಾಯಲ್ಲಿ ಮಂತ್ರ, ಕೆನ್ನೆಗೆ ತಪ್ಪಾಯಿತೆಂದು ಪಟಪಟ ಏಟು.

"ಅವಳೂ ತಾಯಿ, ತಿಳ್ಕೋತಾಳೆ," ಎಂದು ವಸ್ತ್ರ ತೆಗೆದರು. ಆದರೂ ಶಾಸ್ತ್ರವನ್ನು ಪೂರ್ತಿ ಬಿಡಲಿಲ್ಲ. ವಿಸರ್ಜನೆಯಾದ ಕೂಡಲೇ ಮನೆಯವರು ಒಂದಿಷ್ಟು ಓದಬೇಕು, ಆಮೇಲೆ ಬಂದವರು ಮುಟ್ಟಲಿ ಎಂದು ಮೇಲಿನ ಪುಸ್ತಕವನ್ನು ಸೆನ್ಯೋರಾ ಕೈಗೆ ಕೊಟ್ಟರು.

ಸೆನ್ಯೋರಾ ಕನ್ನಡಕ ಹಾಕಿಕೊಂಡು ಒಂದು ಪುಟ ತೆಗೆದು ಓದತೊಡಗಿದರು. ಮೊದಲು ದನಿ ಮೆಲ್ಲಗಿತ್ತು, ಆಮೇಲೆ ಗಟ್ಟಿಯಾಯಿತು. ನನಗೆ ತಿಳಿದದ್ದು ಅಂಗಡಿಯ ಸ್ಪ್ಯಾನಿಷ್ ಅಷ್ಟೇ. ಸ್ಪ್ಯಾನಿಷ್ ಮೇಡಂ ಕೇಳುತ್ತ ಕೇಳುತ್ತ ಕಿಟಕಿಯ ಹತ್ತಿರ ಹೋದರು. ಆರ್ಕಿಟೆಕ್ಟನ್ನು ಕೈಸನ್ನೆ ಮಾಡಿ ಕರೆದು, ಸೆನ್ಯೋರಾ ಓದುತ್ತಿದ್ದ ಹಾಗೆಯೇ ಪಿಸುಮಾತಿನಲ್ಲಿ ಇಂಗ್ಲಿಷ್ ಮಾಡಿ ಹೇಳಿದರು. ಚರ್ಚಿನ ಗೋಪುರಕ್ಕೆ ಅಡ್ಡ ನಿಂತು ಅದನ್ನು ಅರ್ಧಕ್ಕೆ ಸೀಳುವ ಕಾರ್ಖಾನೆಯ ಹೊಗೆ ಕೊಳವೆ, ಅದರ ಕೆಳಗೆ ಇಟ್ಟಿಗೆಯಲ್ಲಿ ಮುಚ್ಚಿದ ಒಂದು ಬಾಗಿಲು, ಬೆಳಗಿನ ಪಾಳಿಯವರು ಬಾಗಿ ನಡೆಯುವ ಇಳಿಜಾರು. ಪದ್ಯದಲ್ಲಿ ಇದ್ದದ್ದೆಲ್ಲ ಆ ಕಿಟಕಿಯಲ್ಲಿತ್ತು. ಆರ್ಕಿಟೆಕ್ಟ್ ಕವಿಯ ಕುರ್ಚಿಯ ಹಿಂದೆ ಮಂಡಿ ಬಗ್ಗಿಸಿ, ಕೂತವರ ಕಣ್ಣಿನ ಎತ್ತರಕ್ಕೆ ಬಂದು ನೋಡಿದರು. ಅಲ್ಲಿಂದ ಮಾತ್ರ ಕೊಳವೆ ಗೋಪುರವನ್ನು ಸರಿಯಾಗಿ ನಡುವೆ ಸೀಳುತ್ತಿತ್ತು. ಆಮೇಲೆ ಅವರು ವರಾಂಡದ ಮಾತು ಎತ್ತಲಿಲ್ಲ. ಹೊರಡುವಾಗ ಟೈಪ್‌ರೈಟರಿನ ಕುಂಕುಮವನ್ನು ಮೆಲ್ಲಗೆ ಒರೆಸಿಬಿಡಿ, ಲೋಹಕ್ಕೆ ಒಳ್ಳೆಯದಲ್ಲ ಎಂದಷ್ಟೇ ಹೇಳಿದರು.

ಆ ಮೀಟಿಂಗಿನಲ್ಲಿ ಏನೂ ತೀರ್ಮಾನವಾಗಲಿಲ್ಲ. ಮುಂದಿನ ಮೀಟಿಂಗ್ ಎಂದರು, ಇನ್ನೊಂದು ಸಲ ಚರ್ಚೆ ಎಂದರು. ಚಳಿ ನೀರು ಹೆಪ್ಪುಗಟ್ಟುವ ಮಟ್ಟಕ್ಕೆ ಇಳಿಯಿತು. ಕೆಳಗೆ ಫೋನು ರಿಂಗಾದರೆ ಸಾಕು, ನಾವು ಮೇಲೆ ಉಸಿರು ಹಿಡಿಯುತ್ತಿದ್ದೆವು. ಅತ್ತೆ ಚಾಮುಂಡಿಗೆ ಹರಕೆ ಹೊತ್ತರು. ವಿಸರ್ಜನೆ ಬೇಗ ಮಾಡಿದ್ದೇ ಅಪಶಕುನವಾಯಿತೇನೋ ಎಂದು ಮಗನ ಹತ್ತಿರ ಹೇಳಿಕೊಂಡು ಊಟ ಕಡಿಮೆ ಮಾಡಿದರು. ಮಗ ನೋಡೋಣ ಎಂದರು.

ಮೊದಲ ಹಿಮ ಬಿದ್ದ ಮಧ್ಯಾಹ್ನ ಸೆನ್ಯೋರಾ ನೋವಿನ ಮೊಣಕಾಲಿನಲ್ಲೇ ಮೆಟ್ಟಿಲು ಹತ್ತಿ ನಮ್ಮ ಮನೆಗೆ ಬಂದರು. ಬಾಗಿಲಲ್ಲೇ ಗೋಡೆ ಹಿಡಿದು ನಿಂತು, ಆಯಿತು ಎಂದರು. ಸಮಿತಿ ಒಪ್ಪಿತ್ತು. ಮನೆ ಕೆಡವುವಂತಿಲ್ಲ. ಕೆಳಗಿನ ಕೋಣೆಯನ್ನು ಬೀದಿಯ ಚರ್ಚಿನವರು ನೋಡಿಕೊಳ್ಳುತ್ತಾರೆ, ವಾರಕ್ಕೊಮ್ಮೆ ಮಕ್ಕಳನ್ನು ಕರೆತಂದು ಪದ್ಯ ಓದಿಸುತ್ತಾರೆ. ನಾನು ಅವರನ್ನು ತಬ್ಬಿಕೊಂಡು ಅತ್ತೇಬಿಟ್ಟೆ. ಅತ್ತೆ ರವೆ ಹುರಿಯಲು ಬಾಣಲೆ ಇಟ್ಟೇಬಿಟ್ಟರು.

ಕೇಸರಿಬಾತ್ ತಿನ್ನುತ್ತ ಸೆನ್ಯೋರಾ, ಕ್ರಿಸ್‌ಮಸ್ ಹೊತ್ತಿಗೆ ಮಗಳ ಮನೆಗೆ ಹೋಗಿಬಿಡುತ್ತೇನೆ ಎಂದರು. ಹಬ್ಬಕ್ಕೆ ಹೋಗಿಬರುತ್ತಾರೆ ಎಂದುಕೊಂಡು, ಯಾವಾಗ ವಾಪಸ್ಸು ಎಂದೆ. ವಾಪಸ್ಸು ಇಲ್ಲ ಎಂದರು. ಅಲ್ಲಿ ಮೆಟ್ಟಿಲೇ ಇಲ್ಲದ ಮನೆಯಂತೆ, ಮೊಮ್ಮಗು ಇದೆ, ಹಿಮ ಎತ್ತಿಹಾಕಲು ಅಳಿಯ ಇದ್ದಾನೆ. ನನಗೆ ಮತ್ತೆ ಕೋಪ ಬಂತು. ಬಿಟ್ಟು ಹೋಗುವವರು ಇಷ್ಟು ಒದ್ದಾಡಿದ್ದು ಯಾಕೆ, ಪಕ್ಕದ ಮನೆಯವರ ಹಾಗೆ ಅಂದೇ ಒಪ್ಪಿಕೊಂಡಿದ್ದರೆ ಆಗುತ್ತಿತ್ತಲ್ಲ ಎಂದು ಕೇಳಿಯೇಬಿಟ್ಟೆ.

ಅವರು ತಟ್ಟೆಯನ್ನು ಕೆಳಗಿಟ್ಟರು.

"ಈ ಮನೆ ನನಗೆ ಯಾವತ್ತೂ ಸೇರಿಲ್ಲ. ಚಳಿ, ಮೆಟ್ಟಿಲು, ಸೋರೋ ಕಿಟಕಿ. ಮದುವೆ ಆದಾಗಿಂದ ಬಿಟ್ಟು ಹೋಗ್ಬೇಕು ಅಂತಾನೇ ಇದ್ದೆ. ಆದ್ರೆ ನಾನು ಆಚೆ ಕಾಲಿಟ್ರೆ ಅಪ್ಪ ಅನ್ನೋರು ಇದ್ರು ಅಂತ ಹೇಳೋಕೆ ಇಲ್ಲಿ ಯಾರಿದ್ರು? ಈಗ ಇನ್ನೊಬ್ಬರು ನೋಡ್ಕೋತಾರೆ. ಇನ್ನು ನಾನು ಹೋಗಬಹುದು."

ಏನಂದರು ಎಂದು ಅತ್ತೆ ಕೇಳಿದರು. ನಾನು ಹೇಳಿದೆ. ಅತ್ತೆ, "ಸದ್ಯ," ಎಂದರು. ಎದ್ದುಹೋಗಿ ಅವರ ತಟ್ಟೆಗೆ ಇನ್ನೊಂದು ಸೌಟು ಬಡಿಸಿದರು. ಸೆನ್ಯೋರಾ ಬೇಡವೆನ್ನಲಿಲ್ಲ. ಮೊಣಕಾಲು ಚಾಚಿ, ನಮ್ಮ ಸೋಫಾಗೆ ಬೆನ್ನು ಒರಗಿಸಿ, ಇನ್ನೊಮ್ಮೆ ನಿಧಾನವಾಗಿ ತಿಂದರು. ಇಷ್ಟು ವರ್ಷದಲ್ಲಿ ಅವರು ಬೆನ್ನು ಒರಗಿಸಿ ಕೂತದ್ದನ್ನು ನಾನು ನೋಡಿರಲಿಲ್ಲ.